ಹಿಂದಿನ ಸೀಟಿನ ಸರದಾರ

ತಿಕೋಟಾದ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ಸುಶೀಲೇಂದ್ರರು ಒಂದು ಸೋಮವಾರ ತಮ್ಮ ಕಪ್ಪು ಹೆಲ್ಮೆಟ್ಟನ್ನು ಕುರ್ಚಿಯ ಹಿಂದಿನ ಮೊಳೆಗೆ ತೂಗುಹಾಕಿದರು. ಅದುವರೆಗೆ ಆ ಮೊಳೆಯಲ್ಲಿ ಹಳೆಯ ಕ್ಯಾಲೆಂಡರೊಂದು ತೂಗುತ್ತಿತ್ತು. ಅದು ತೂಗುತ್ತಿದ್ದಷ್ಟು ಕಾಲ ಅವರ ಬಾಳು ನೆಮ್ಮದಿಯಿಂದಲೇ ಇತ್ತು. ಹೆಲ್ಮೆಟ್ಟು ತಲೆಯನ್ನು ಕಾಪಾಡುತ್ತದೆ ಎಂಬುದು ಲೋಕಕ್ಕೆಲ್ಲ ಗೊತ್ತು. ಅದು ತಲೆಯ ಮೇಲಿರದೆ ಮೊಳೆಯ ಮೇಲಿದ್ದಾಗ ಮನುಷ್ಯನನ್ನು ಎಲ್ಲಿಗೆ ಕೊಂಡೊಯ್ದೀತೆಂಬುದನ್ನು ಮಾತ್ರ ಯಾವ ಇಲಾಖೆಯೂ ಸುತ್ತೋಲೆ ಹೊರಡಿಸಿ ತಿಳಿಸಿಲ್ಲ.

ಹೆಲ್ಮೆಟ್ಟು ಸುಶೀಲೇಂದ್ರರದೇ. ಮೋಟಾರ್ ಸೈಕಲ್ಲು ಮಾತ್ರ ಅವರದಾಗಿರಲಿಲ್ಲ, ಏಕೆಂದರೆ ಮೋಟಾರ್ ಸೈಕಲ್ಲೇ ಇರಲಿಲ್ಲ. ಅವರಿಗೆ ಸೈಕಲ್ಲು ಬರುತ್ತಿತ್ತು. ಸೈಕಲ್ಲಿನಿಂದ ಮುಂದಕ್ಕೆ ಮನುಕುಲವು ಸಾಧಿಸಿದ ಪ್ರಗತಿಯನ್ನೆಲ್ಲ ಅವರು ರಸ್ತೆಯ ಬದಿಗೆ ನಿಂತು ಗೌರವದಿಂದ ನೋಡಿದ್ದರು, ಅಷ್ಟೆ. ಅವರ ಪತ್ನಿ ವಂದನಾ ಬಬಲೇಶ್ವರದ ಹೈಸ್ಕೂಲಿನಲ್ಲಿ ಶಿಕ್ಷಕಿ. ಪ್ರತಿ ಮುಂಜಾನೆ ವಿಜಯಪುರದ ಇಬ್ರಾಹಿಂಪುರದ ಮನೆಯಿಂದ ಸ್ಕೂಟಿಯಲ್ಲಿ ಹೊರಟು, ಗಂಡನನ್ನು ತಿಕೋಟಾ ಬಸ್ಸು ನಿಲ್ಲುವಲ್ಲಿ ಇಳಿಸಿ, ತಾನು ಬಬಲೇಶ್ವರದ ಹಾದಿ ಹಿಡಿಯುವಳು. ಊಟದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂಡುವವರು ಸುಶೀಲೇಂದ್ರರು. ಹಿಂದೆ ಕೂಡುವವರೂ ಹೆಲ್ಮೆಟ್ ಧರಿಸತಕ್ಕದ್ದೆಂಬ ನಿಯಮವನ್ನು ಇಡೀ ಜಿಲ್ಲೆಯಲ್ಲಿ ಓದಿ ನಂಬಿದವಳು ವಂದನಾ ಒಬ್ಬಳೇ ಇದ್ದಿರಬೇಕು.

"ಹಿಂದ ಕೂತವರ ತಲಿ ತಲಿ ಅಲ್ಲೇನ್ರಿ? ಹಾಕ್ಕೋರಿ," ಎಂದು ಆಕೆ ಹೊಸ ಹೆಲ್ಮೆಟ್ಟನ್ನು ಕೈಗಿತ್ತಿದ್ದಳು.

"ಬಸ್ಸಿನ್ಯಾಗ ಇದನ್ನ ಎಲ್ಲಿಡ್ಲಿ?"

"ತೊಡಿ ಮ್ಯಾಲ ಇಟ್ಕೋರಿ, ಕೂಸು ಕೂಡಿಸ್ಕೊಂಡಂಗ."

ಹೀಗೆ ಕೂಸು ಬಸ್ಸು ಹತ್ತಿ, ತಿಕೋಟಾದಲ್ಲಿಳಿದು, ಕಚೇರಿಯ ಮೊಳೆಯೇರಿತು.

ಆ ಸೀಮೆಯಲ್ಲಿ ಹೆಲ್ಮೆಟ್ಟೆಂದರೆ ಗಾಡಿಯ ಕನ್ನಡಿಗೆ ಸಿಕ್ಕಿಸಿಡುವ ವಸ್ತು. ದೂರದಲ್ಲಿ ಪೊಲೀಸರು ಕಂಡಾಗ ಏರಿಸಿ, ಅವರು ಮರೆಯಾದೊಡನೆ ಇಳಿಸುವ ಕಿರೀಟ. ಅಂಥಲ್ಲಿ ಒಬ್ಬ ಮನುಷ್ಯ ನಿತ್ಯವೂ ತಪ್ಪದೆ ಹೆಲ್ಮೆಟ್ ಹಿಡಿದು ಬರುತ್ತಾನೆಂದರೆ ಅವನು ಸಾಮಾನ್ಯ ಸವಾರನಾಗಿರಲಾರ. ಜೀವದ ಹಂಗು ತೊರೆದು ಓಡಿಸುವವನಿಗಷ್ಟೇ ಜೀವ ಉಳಿಸುವ ಟೊಪ್ಪಿಗೆ ಬೇಕಾಗುತ್ತದೆ. ಕಚೇರಿಯ ತರ್ಕ ಹೀಗೆ ಹರಿಯಿತು.

"ಸರ, ನಿಮ್ಮದು ಯಾವ ಗಾಡಿರಿ?" ಎಂದು ಕಂಪ್ಯೂಟರ್ ಮುಂದೆ ಕೂತಿದ್ದ ಶಾಹಿಸ್ತಾ ಕೇಳಿದಳು.

ಗಾಡಿ ಇಲ್ಲವೆನ್ನಲು ಸುಶೀಲೇಂದ್ರರು ಬಾಯಿ ತೆರೆದರು. ಅಷ್ಟರಲ್ಲಿ ಪಕ್ಕದ ಮೇಜಿನ ಹಿರಿಯ ಗುಮಾಸ್ತ ಶಿವಶರಣಪ್ಪನವರು ಕಡತದಿಂದ ತಲೆಯೆತ್ತದೆಯೇ ಉತ್ತರ ಕೊಟ್ಟುಬಿಟ್ಟರು.

"ಕೇಳೂದೇನೈತಿ ತಂಗಿ. ಇಷ್ಟ ದಪ್ಪ ಹೆಲ್ಮೆಟ್ ಸಣ್ಣ ಗಾಡಿಗೆ ಯಾವನರ ಹಾಕ್ತಾನೇನು? ದೊಡ್ಡ ಗಾಡೀನ ಇರ್ತೈತಿ."

"ಮತ್ತ ಸರ ಬಸ್ಸಿನ್ಯಾಗ ಬರ್ತಾರಲ್ಲರಿ?"

"ಇಂಥಾ ರಸ್ತಾದಾಗ ಅಂಥಾ ಗಾಡಿ ತರ್ತಾರೇನವಾ? ಧೂಳಾ ಹಿಡದು ಹಾಳಾಗಂಗಿಲ್ಲ? ಮನ್ಯಾಗ ಬಟ್ಟಿ ಮುಚ್ಚಿ ನಿಂದರಿಸಿರ್ತಾರ. ಏನ್ರಿ ಸುಶೀಲೇಂದ್ರ ಅವರ?"

"ಮನ್ಯಾಗ ಅದ," ಎಂದರು ಸುಶೀಲೇಂದ್ರರು. ಸ್ಕೂಟಿಯೂ ಒಂದು ಗಾಡಿಯೇ; ರಾತ್ರಿ ಅದು ಮನೆಯಲ್ಲಿಯೇ ಇರುತ್ತದೆ. ಸತ್ಯಕ್ಕೆ ಕೂದಲೆಳೆಯಷ್ಟೂ ಧಕ್ಕೆ ತಗಲಿರಲಿಲ್ಲ. ಧಕ್ಕೆ ತಗಲಿದ್ದು ಅವರ ಮನಸ್ಸಿನ ಒಂದು ಹಳೆಯ ಜಾಗಕ್ಕೆ.

ಆ ಜಾಗದ ವಿಷಯವನ್ನು ಓದುಗರಿಗೆ ಈಗಲೇ ಹೇಳಿಬಿಡುವುದು ನ್ಯಾಯ. ಬಸ್ಸಿನ ಕಿಟಕಿಯಿಂದ ಅವರು ದಿನವೂ ನೋಡುತ್ತಿದ್ದರು: ದ್ರಾಕ್ಷಿ ತೋಟಗಳ ನಡುವಿನ ರಸ್ತೆಯಲ್ಲಿ ಗಂಡ ಹೆಂಡತಿ ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಿರುತ್ತಾರೆ. ಗಂಡ ಮುಖವನ್ನು ಅರ್ಧ ತಿರುಗಿಸಿ ಏನೋ ಅನ್ನುತ್ತಾನೆ. ಗಾಳಿಗೆ ಮಾತು ಹಾರಿಹೋಗುತ್ತದೆ. ಹೆಂಡತಿ ಅವನ ಹೆಗಲ ಮೇಲೆ ಕೈಯೂರಿ, ಮುಂದೆ ಬಾಗಿ, ಏನೆಂದು ಕೇಳುತ್ತಾಳೆ. ಅಷ್ಟರಲ್ಲಿ ಬಸ್ಸು ಮುಂದೆ ಹೋಗಿಬಿಡುತ್ತದೆ. ಗಂಡ ಏನೆಂದನೋ ಸುಶೀಲೇಂದ್ರರಿಗೆ ಎಂದೂ ತಿಳಿಯಲಿಲ್ಲ. ತಿಳಿಯುವ ಆಸೆಯೂ ಇರಲಿಲ್ಲ. ಹಾಗೆ ಬಾಗುವುದಿದೆಯಲ್ಲ, ಅದನ್ನು ವಂದನಾ ಒಂದು ಸಲ ತಮ್ಮ ಬೆನ್ನ ಹಿಂದೆ ಮಾಡಬೇಕು. ಅವರ ಜೀವಮಾನದ ಹಂಬಲವೆಲ್ಲ ಅಷ್ಟರಲ್ಲಿಯೇ ಮುಗಿಯುತ್ತಿತ್ತು. ಇದುವರೆಗೆ ಬಾಗಿದವರೆಲ್ಲ ಅವರೇ.

ಪಿಂಚಣಿಯ ಕೆಲಸಕ್ಕೆಂದು ಬಂದಿದ್ದ ಬಿಜ್ಜರಗಿಯ ಶಂಕ್ರೆವ್ವಜ್ಜಿ ಮೊಳೆಯ ಮೇಲಿನ ಹೆಲ್ಮೆಟ್ಟನ್ನು ಕಂಡು, "ಯಪ್ಪಾ, ಬಸ್ಸ ತಪ್ಪೇತಿ. ನಿನ್ನ ಗಾಡಿಮ್ಯಾಲ ನಮ್ಮೂರಿಗಟ ಬಿಟ್ಟ ಬಾ," ಎಂದಳು.

"ಅದರ ಹಿಂದಿನ ಸೀಟು ಬ್ಯಾರೆಯವರಿಗೆ ಅದ, ಆಯಿ," ಎಂದುಬಿಟ್ಟರು ಸುಶೀಲೇಂದ್ರರು. ಬಾಯಿಗೆ ಬಂದ ನೆಪವಲ್ಲ ಅದು. ಬಹುದಿನದಿಂದ ಎದೆಯಲ್ಲಿದ್ದುದು ನೆಪದ ವೇಷದಲ್ಲಿ ಹೊರಬಿದ್ದಿತ್ತು.

ಶಾಹಿಸ್ತಾಳ ಕಣ್ಣು ಒದ್ದೆಯಾಯಿತು. "ಮೇಡಮ್ಮರನ್ನ ಬಿಟ್ಟು ಬ್ಯಾರೆ ಯಾರನ್ನೂ ಕೂಡಸಂಗಿಲ್ಲಂತ," ಎಂಬ ವಾರ್ತೆ ಸಂಜೆಯೊಳಗೆ ಕಚೇರಿಯ ಹಿಂದಿನ ಚಹಾದಂಗಡಿಯವರೆಗೆ ತಲುಪಿತು. ಅಲ್ಲಿಂದ ಮುಂದೆ ಅದು ತನ್ನ ಪಾಡಿಗೆ ತಾನು ಬೆಳೆಯಿತು. ಸುಶೀಲೇಂದ್ರರು ಕೊಲ್ಲಾಪುರಕ್ಕೆ ಹೋಗಿ ಅದೇ ದಿನ ತಿರುಗಿ ಬಂದವರಾದರು. ಒಂದು ಕೈಯಿಂದ ಓಡಿಸಬಲ್ಲವರಾದರು. ಎಳೆಯ ಪ್ರಾಯದಲ್ಲಿ ಪೈಪೋಟಿಯಲ್ಲಿ ಗೆದ್ದ ಬಹುಮಾನದ ಢಾಲು ಮನೆಯಲ್ಲಿದೆಯೆಂದೂ, ವಿನಯದಿಂದ ಯಾರಿಗೂ ತೋರಿಸುವುದಿಲ್ಲವೆಂದೂ ಶಿವಶರಣಪ್ಪನವರೇ ಖುದ್ದಾಗಿ ಸುಶೀಲೇಂದ್ರರಿಗೆ ತಿಳಿಸಿದರು.

ಜನವರಿ ಬಂತು. ಜನವರಿಯೊಡನೆ ರಸ್ತೆ ಸುರಕ್ಷತೆಯ ಆಚರಣೆಯೂ ಬಂತು.

ಕಚೇರಿಯ ಮುಖ್ಯಸ್ಥ ಹೇಮಂತ ಸಾಹೇಬರು ತರುಣರು, ಹುರುಪಿನವರು. ಮೇಲಿನಿಂದ ಬಂದ ಯಾವ ಆದೇಶವನ್ನೂ ಅದಕ್ಕಿಂತ ದೊಡ್ಡದಾಗಿ ನೆರವೇರಿಸುವುದು ಅವರ ಸ್ವಭಾವ. ಸಿಬ್ಬಂದಿಯನ್ನೆಲ್ಲ ಕೂಡಿಸಿ ಅವರು ಘೋಷಿಸಿದರು: "ತಿಕೋಟಾದಿಂದ ಬಬಲೇಶ್ವರದ ತನಕ ಹೆಲ್ಮೆಟ್ ಜಾಗೃತಿ ಬೈಕ್ ಜಾಥಾ ಮಾಡೋಣ. ಮುಂದ ಒಬ್ರು ಮಾದರಿ ಸವಾರರು ಬೇಕು. ನಮ್ಮ ಕಚೇರಿಯೊಳಗ ದಿನಾ ಹೆಲ್ಮೆಟ್ ತರೋರು ಯಾರದಾರ?"

ಎಲ್ಲರ ಕಣ್ಣೂ ಮೊಳೆಯ ಕಡೆಗೆ ಹೊರಳಿತು. ಮೊಳೆಯಿಂದ ಕೆಳಗಿಳಿದು ಸುಶೀಲೇಂದ್ರರ ಮೇಲೆ ನಿಂತಿತು.

"ಸಾಹೇಬರ, ನನಗ..."

"ವಿನಯ ಸಾಕ್ರಿ," ಎಂದರು ಶಿವಶರಣಪ್ಪನವರು. "ಸಾಹೇಬರ, ಹೆಸರ ಬರಕೋರಿ."

ಸಾಹೇಬರು ಬರೆದುಕೊಂಡರು. ಸರಕಾರಿ ಕಾಗದದ ಮೇಲೆ ಒಮ್ಮೆ ಮೂಡಿದ ಹೆಸರನ್ನು ಅಳಿಸಬೇಕಾದರೆ ಅದರ ಒಡೆಯನು ಒಂದೋ ವರ್ಗವಾಗಬೇಕು, ಇಲ್ಲವೇ ವೈಕುಂಠವಾಸಿಯಾಗಬೇಕು. ಎರಡಕ್ಕೂ ಸಮಯ ಸಾಲದಾಗಿತ್ತು.

ಇಬ್ರಾಹಿಂಪುರದಲ್ಲಿ ಸುಶೀಲೇಂದ್ರರ ಮಗ್ಗುಲ ಮನೆಯವರು ಪೀರಸಾಬರು. ಬಟ್ಟೆಯ ಗಂಟನ್ನು ಮೋಟಾರ್ ಸೈಕಲ್ಲಿಗೆ ಬಿಗಿದುಕೊಂಡು ಸಂತೆಯಿಂದ ಸಂತೆಗೆ ತಿರುಗುವ ವ್ಯಾಪಾರಿ. ಸುಶೀಲೇಂದ್ರರು ಗೋಡೆಯ ಈಚೆಯಿಂದ ತಮ್ಮ ಸಂಕಟವನ್ನು ತೋಡಿಕೊಂಡರು. ವಂದನಾಳಿಗೆ ತಿಳಿಯಬಾರದೆಂದು ಕೈಮುಗಿದರು.

"ಅದೇನ ದೊಡ್ಡ ಮಾತ ಬಿಡ್ರಿ ಸರ," ಎಂದರು ಪೀರಸಾಬರು. "ನಮ್ಮ ಗಾಡೀನ ತಗೋರಿ. ಒಂದ ಮಾತ ನೆನಪಿಡ್ರಿ. ಇದಕ್ಕ ನಿಂತಲ್ಲಿ ಉಸರಾಡಾಕ ಬರಂಗಿಲ್ಲ. ಓಡಿದ್ರ ಜೀವಂತ, ನಿಧಾನಾದ್ರ ಮಯ್ಯತ್. ಕೈ ಸಡಲ ಬಿಡಬ್ಯಾಡ್ರಿ."

ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಅವರ ಪತ್ನಿ ರಹಿಮಾಬಿ ನಡುವೆ ಬಾಯಿ ಹಾಕಿದಳು. "ಸರಿಗೆ ಕಲಸೂಕಿಂತ ಮೊದಲ ಆ ಗಾಡಿಗೆ ನಿಲ್ಲೂದ ಕಲಸ್ರಿ. ಹೋದ ವಾರ ನನ್ನ ತವರಮನಿ ಮುಂದ ನಿಂದ್ರಸಾಕ ಆಗದ ಹಂಗ ಹಾದ ಹ್ವಾದ್ರು. ನಮ್ಮವ್ವ ಕೈ ಬೀಸಿದ್ದ ಬಂತು."

ಬೆಳಗಿನ ಜಾವದ ಚಳಿಯಲ್ಲಿ, ರೈಲು ಹಳಿಯ ಪಕ್ಕದ ಬಯಲಿನಲ್ಲಿ ಪಾಠ ಆರಂಭವಾಯಿತು. ಸುಶೀಲೇಂದ್ರರು ಕ್ಲಚ್ಚು ಬಿಟ್ಟೊಡನೆ ಗಾಡಿ ಕಪ್ಪೆಯಂತೆ ಕುಪ್ಪಳಿಸಿ ಪ್ರಾಣ ಬಿಟ್ಟಿತು. ಕಿಕ್ ಹೊಡೆದರು, ಮತ್ತೆ ಕುಪ್ಪಳಿಸಿತು, ಮತ್ತೆ ಸತ್ತಿತು. ಒಮ್ಮೆ ಜಾಲಿಕಂಟಿಯೊಳಗೆ ನುಗ್ಗಿದರು. ಒಮ್ಮೆ ಗಾಡಿ ಅವರನ್ನು ಕೆಳಗಿಳಿಸಿ ತಾನೊಂದೇ ಸ್ವಲ್ಪ ದೂರ ಹೋಗಿ ಮಲಗಿತು. ಬೆಳಿಗ್ಗೆದ್ದೊಡನೆ ಜ್ವರ ಬಂದಿರಲಿ ಎಂದು ಹಣೆ ಮುಟ್ಟಿ ನೋಡಿಕೊಳ್ಳುವರು. ಹಣೆ ತಣ್ಣಗಿರುತ್ತಿತ್ತು. ಅಷ್ಟಾದರೂ ಪೀರಸಾಬರಿಗಿಂತ ಮೊದಲೇ ಬಯಲಿನಲ್ಲಿ ಹೋಗಿ ನಿಂತಿರುತ್ತಿದ್ದರು.

ಒಂದು ಮುಂಜಾನೆ ಗಾಡಿ ಕುಪ್ಪಳಿಸಲಿಲ್ಲ. ಮೊದಲ ಗೇರಿನಲ್ಲಿ ಗೊಣಗಿ, ಎರಡನೆಯದಕ್ಕೆ ಬಿದ್ದು, ಮಾತು ಕೇಳಿದ ಎತ್ತಿನಂತೆ ಮುಂದೆ ನಡೆಯಿತು. ಬಯಲು ಎರಡು ಬದಿಗೂ ಸರಿಯತೊಡಗಿತು. ತಣ್ಣನೆಯ ಗಾಳಿ ಅಂಗಿಯೊಳಗೆ ಹೊಕ್ಕು ಅದನ್ನು ಬೆನ್ನ ಹಿಂದೆ ಬುಗ್ಗೆಯಂತೆ ಉಬ್ಬಿಸಿತು. ಕಣ್ಣಲ್ಲಿ ನೀರು ಬಂತು. ಪಕ್ಕದ ಹಳಿಯಲ್ಲಿ ಪ್ಯಾಸೆಂಜರ್ ರೈಲೊಂದು ಹೊರಟಿತ್ತು. ಅದರ ಕಿಟಕಿಯಲ್ಲಿ ಕೂತವರು ಸುಶೀಲೇಂದ್ರರನ್ನು ನೋಡುತ್ತಿದ್ದರು. ಕಿಟಕಿಯ ಒಳಗಿದ್ದು ಹೊರಗಿನವರನ್ನು ನೋಡುತ್ತ ಬಂದ ಮನುಷ್ಯ ಮೊದಲ ಬಾರಿಗೆ ಹೊರಗಿದ್ದ. ಯಾರೂ ಅವರನ್ನು ಒಯ್ಯುತ್ತಿರಲಿಲ್ಲ. ಅವರೇ ಹೋಗುತ್ತಿದ್ದರು.

ಆಗ ಅವರು ಮುಖವನ್ನು ಅರ್ಧ ತಿರುಗಿಸಿ ಏನೋ ಅಂದರು.

ಗಾಡಿಯನ್ನು ಬೇವಿನ ಮರದ ಬಳಿ ಸಾಯಿಸಿ ನಿಲ್ಲಿಸಿದಾಗ ಪೀರಸಾಬರು ಓಡಿಬಂದರು. "ಭಪ್ಪರೆ, ಬಂತ್ರಿ ಸರ. ಖರೆ ನೀವು ಹಿಂದ ತಿರಗಿ ಯಾರ ಜೋಡಿ ಮಾತಾಡಾಕತ್ತಿದ್ರಿ?"

"ಯಾರೂ ಇಲ್ಲ," ಎಂದರು ಸುಶೀಲೇಂದ್ರರು. ಇಲ್ಲವೆಂಬುದೇ ಅಲ್ಲಿನ ಕೊರತೆಯಾಗಿತ್ತು.

ಮನೆಯಲ್ಲಿ ವಂದನಾ ಅವರ ಪೈಜಾಮವನ್ನು ಬೆಳಕಿಗೆ ಹಿಡಿದು ನೋಡಿದಳು. "ವಾಕಿಂಗ್ ಹೋದ್ರ ಆಯಿಲ್ ಹೆಂಗ ಹತ್ತತದರಿ?"

"ರೈಲ್ವೆ ಹಳಿ ಮಗ್ಗಲದಾಗ ಹೋಗಿದ್ದೆ."

"ಹಳಿ ಮ್ಯಾಲ ಮಲಗಿದ್ರೇನು?" ಎಂದು ಆಕೆ ಪೈಜಾಮವನ್ನು ನೆನೆಯಿಟ್ಟಳು. ಸಾರು ಬಡಿಸುವಾಗ ಬೇರೆ ಸುದ್ದಿ ತೆಗೆದಳು. "ನಮ್ಮ ಸಾಲಿಗೆ ಜಾಥಾ ಬರ್ಲಿಕತ್ತದ. ತಿಕೋಟಾದ ಯಾರೋ ಮಾದರಿ ಸವಾರರಂತ, ಮುಂದ ಅವರ ಬರ್ತಾರ. ಅವರಿಗೆ ಗುಲಾಬಿ ಹೂ ಕೊಡೂದು ನನ್ನ ಪಾಳಿ."

ಸುಶೀಲೇಂದ್ರರು ಎತ್ತಿದ ತುತ್ತನ್ನು ತಟ್ಟೆಗಿಟ್ಟರು. "ಯಾರಂತ?"

"ಹೆಸರು ತಿಳಿಸಿಲ್ಲ. ಹೆಲ್ಮೆಟ್ ಇಲ್ಲದ ಒಂದ ದಿನಾನೂ ಕಚೇರಿಗೆ ಬಂದಾವರ ಅಲ್ಲಂತ. ನೀವು ಹೆಲ್ಮೆಟ್ ಅಂದ್ರ ಮಾರಿ ಸಣ್ಣದು ಮಾಡ್ತೀರಿ. ಅಂಥವರನ್ನ ನೋಡಿ ಕಲೀರಿ."

ಸುಶೀಲೇಂದ್ರರು ನೀರು ಕುಡಿದರು. ಹೇಳಿಬಿಡಬಹುದಿತ್ತು. ಆದರೆ ಬಬಲೇಶ್ವರದ ಶಾಲೆಯ ಮುಂದೆ, ಗುಲಾಬಿ ಹಿಡಿದು ನಿಂತ ವಂದನಾಳ ಎದುರಿಗೆ, ಗಾಡಿಯ ಮೇಲೆ ತಾವು ಹೋಗಿ ನಿಲ್ಲುವ ಚಿತ್ರ ಕಣ್ಣ ಮುಂದೆ ಕಟ್ಟಿತು. ಆ ಚಿತ್ರ ಅವರ ಬಾಯಿಗೆ ಬೀಗ ಹಾಕಿತು.

ಜಾಥಾದ ದಿನ ತಿಕೋಟಾದ ಕಚೇರಿಯ ಮುಂದೆ ಬೈಕುಗಳ ಹಿಂಡೇ ನೆರೆದಿತ್ತು. ಎಲ್ಲರ ತಲೆಯ ಮೇಲೂ ಕಡ ತಂದ ಹೆಲ್ಮೆಟ್ಟು. ಹಿಂದೆ ಹೇಮಂತ ಸಾಹೇಬರ ಜೀಪು. ಅದರ ಮೇಲೆ ಧ್ವನಿವರ್ಧಕ. ಎಲ್ಲಕ್ಕಿಂತ ಮುಂದೆ ಸುಶೀಲೇಂದ್ರರು. ನಸುಕಿನಲ್ಲಿಯೇ ಪೀರಸಾಬರು ತಂದು ಬಿಟ್ಟುಹೋಗಿದ್ದ ತಮ್ಮ ಮಾಸಿದ ಗಾಡಿಯನ್ನು ಕಂಡ ಶಾಹಿಸ್ತಾ, "ದೊಡ್ಡ ಗಾಡಿ ತರಲಿಲ್ಲರಿ?" ಎಂದಳು.

"ದೊಡ್ಡ ಮನಶ್ಯಾರು ಹಿಂಗ ತಂಗಿ," ಎಂದರು ಶಿವಶರಣಪ್ಪನವರು. "ಮುರಕಾ ಗಾಡಿ ಕೊಟ್ರೂ ಕುದರಿ ಓಡಿಸಿದಂಗ ಓಡಸ್ತಾರ, ನೋಡಾಕಂತ ಇರು."

ಸಾಹೇಬರು ಕಿವಿಯ ಬಳಿ ಬಂದು, "ಸರ, ನಡಕೊಂಡ ಹೋಗೋರ ವೇಗದಾಗ ಹೋಗೋಣ. ಜನ ನೋಡಬೇಕು," ಎಂದರು. ಆ ಗಾಡಿಗೆ ಗೊತ್ತಿರದಿದ್ದ ವಿದ್ಯೆ ಅದೊಂದೇ.

ಸಾಹೇಬರು ಹಸಿರು ಬಾವುಟ ಬೀಸಿದರು. ಊರ ಅಗಸಿಬಾಗಿಲವರೆಗೆ ಕ್ಲಚ್ಚು ಹಿಡಿದೂ ಬಿಟ್ಟೂ ಹೇಗೋ ಸಂಭಾಳಿಸಿದರು. ಅಲ್ಲಿ ಗಾಡಿ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಸಾವಿನ ಸೂಚನೆಯನ್ನು ಗುರುತಿಸಿದ ಸುಶೀಲೇಂದ್ರರು ಗುರುವಿನ ಉಪದೇಶದಂತೆ ಕೈ ತಿರುವಿದರು. ಗಾಡಿಗೆ ಜೀವ ಬಂತು; ಬಂದ ಜೀವ ಅವರನ್ನು ಹೊತ್ತುಕೊಂಡು ಬಬಲೇಶ್ವರದ ದಿಕ್ಕಿಗೆ ಹಾರಿತು.

"ಸರ ಚಾಲೂ ಮಾಡಿದ್ರೋ," ಎಂದು ಹಿಂದಿನಿಂದ ಯಾರೋ ಕೂಗಿದರು. ನಾಯಕನನ್ನು ಹಿಂಬಾಲಿಸುವುದು ಜಾಥಾದ ಧರ್ಮ. ಬೈಕುಗಳ ಹಿಂಡು ಧೂಳೆಬ್ಬಿಸಿಕೊಂಡು ಬೆನ್ನಟ್ಟಿತು. ಬೈಕುಗಳನ್ನು ಜೀಪು ಬೆನ್ನಟ್ಟಿತು. ಜೀಪಿನ ಮೇಲಿನ ಧ್ವನಿವರ್ಧಕದಿಂದ ಸಾಹೇಬರ ಧ್ವನಿಮುದ್ರಿತ ಕಂಠವು "ಅವಸರವೇ ಅಪಘಾತಕ್ಕೆ ಕಾರಣ, ನಿಧಾನವಾಗಿ ಚಲಿಸಿ" ಎಂದು ಘೋಷಿಸುತ್ತ ತೋಟದ ಬದಿಯ ಕುರಿಹಿಂಡುಗಳನ್ನು ಚದುರಿಸಿತು. ದ್ರಾಕ್ಷಿ ಬಳ್ಳಿಗಳ ನಡುವೆ ಕೆಲಸದಲ್ಲಿದ್ದವರು ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದರು. ಇಷ್ಟು ಅವಸರದಿಂದ ನಿಧಾನವನ್ನು ಬೋಧಿಸಿದವರನ್ನು ಅವರು ಹಿಂದೆ ಕಂಡಿರಲಿಲ್ಲ.

ಸುಶೀಲೇಂದ್ರರಿಗೆ ಅದಾವುದೂ ಕೇಳಿಸುತ್ತಿರಲಿಲ್ಲ. ಹೆದರಿಕೆಯ ತುದಿಯಲ್ಲಿ ಒಂದು ಹಗುರವಾದ ಜಾಗವಿರುತ್ತದೆ. ಅವರು ಅಲ್ಲಿಗೆ ತಲುಪಿದ್ದರು. ರಸ್ತೆ ತಾನಾಗಿ ಬಂದು ಗಾಲಿಯ ಕೆಳಗೆ ಸುತ್ತಿಕೊಳ್ಳುತ್ತಿತ್ತು.

ಬಬಲೇಶ್ವರದ ಶಾಲೆಯ ಮುಂದೆ ಮಕ್ಕಳು ಎರಡು ಸಾಲಾಗಿ ನಿಂತಿದ್ದರು. ಧೂಳಿನೊಳಗಿಂದ ಒಂಟಿ ಸವಾರನೊಬ್ಬ ಮೂಡಿಬಂದ. ಬ್ಯಾಂಡು ಮೊಳಗಿತು. ವಂದನಾ ಗುಲಾಬಿ ಹಿಡಿದು ಮುಂದೆ ಬಂದಳು. ಆಕೆಯನ್ನು ಕಂಡೊಡನೆ ಸುಶೀಲೇಂದ್ರರ ಕೈ ಸಡಿಲಿತು. ಗಾಡಿ ಅವಳ ಮುಂದೆ, ಗೆರೆ ಎಳೆದಂತೆ, ಪ್ರಾಣ ಬಿಟ್ಟು ನಿಂತಿತು. ಅಂಥ ನಿಲುಗಡೆಗೆ ಮಕ್ಕಳು ಚಪ್ಪಾಳೆ ತಟ್ಟಿದರು.

"ಸ್ವಾಗತ ಸರ," ಎಂದು ವಂದನಾ ಹೂ ನೀಡಿದಳು.

ಸುಶೀಲೇಂದ್ರರು ಹೆಲ್ಮೆಟ್ಟಿನ ಗಾಜು ಮೇಲೆತ್ತಿದರು.

ವಂದನಾ ಗಾಡಿಯನ್ನು ನೋಡಿದಳು. ಅವರನ್ನು ನೋಡಿದಳು. ಗುಲಾಬಿಯನ್ನು ಮಾತ್ರ ಕೈಬಿಡಲಿಲ್ಲ. "ವಾಕಿಂಗ್ ಭಾಳ ದೂರ ಬಂತಲ್ಲರಿ," ಎಂದಳು.

ಅವರು ಉತ್ತರಿಸುವ ಮೊದಲೇ ಉಳಿದ ಬೈಕುಗಳೂ ಜೀಪೂ ಬಂದು ಬಿದ್ದವು. ಶಾಲೆಯ ಮುಂದಿನ ವೇದಿಕೆಯಿಂದ ಪೊಲೀಸ್ ಠಾಣೆಯ ಸಾಹೇಬರು ಇಳಿದು ಬಂದರು. ದಪ್ಪ ಮೀಸೆ, ಸಣ್ಣ ದನಿ. "ಮಾದರಿ ಸವಾರರು ನೀವೇನ್ರಿ? ಬಂದದ್ದ ನೋಡಿದ್ನಿ. ಒಂದಿಷ್ಟ ಲೈಸನ್ಸ್ ತೋರಸ್ರಲ್ಲ."

ಬ್ಯಾಂಡು ನಿಂತಿತು. ಸುಶೀಲೇಂದ್ರರು ಜೇಬು ಮುಟ್ಟಿಕೊಂಡರು. ಬಸ್ ಪಾಸ್ ಇತ್ತು. ಅದನ್ನೇ ತೆಗೆದು ಕೊಟ್ಟರು. ಠಾಣೆಯ ಸಾಹೇಬರು ಅದನ್ನು ಹಿಂದೆ ಮುಂದೆ ತಿರುಗಿಸಿ ಹೇಮಂತ ಸಾಹೇಬರ ಕೈಗೆ ದಾಟಿಸಿದರು. ಹೇಮಂತ ಸಾಹೇಬರ ಮುಖದ ಬಣ್ಣ ಅವರ ಬಾವುಟದಂತಾಯಿತು.

"ಇವರಿಗೆ ಗಾಡಿ ಇಲ್ಲರಿ," ಎಂದಳು ವಂದನಾ. ತರಗತಿಯಲ್ಲಿ ಮಾತಾಡುವ ಸ್ಪಷ್ಟ ದನಿ ಅದು. ಹಿಂದಿನ ಸಾಲಿಗೂ ಕೇಳಿಸಿತು. "ಲೈಸನ್ಸೂ ಇಲ್ಲ. ಇವರು ನನ್ನ ಮನಿಯವರು. ದಿನಾ ನನ್ನ ಸ್ಕೂಟಿ ಹಿಂದ ಕೂಡ್ತಾರ. ಹಿಂದ ಕೂಡಾವರೂ ಹೆಲ್ಮೆಟ್ ಹಾಕಬೇಕಂತ ಕಾಯ್ದೆ ಅದ. ಹಾಕ್ಕೋತಾರ."

ಸುಶೀಲೇಂದ್ರರು ನೆಲ ನೋಡಿದರು. ಇನ್ನು ಕಚೇರಿಯಲ್ಲಿ ಮುಖವಿಲ್ಲ. ಮನೆಯಲ್ಲಂತೂ ಮೊದಲೇ ಇಲ್ಲ.

ಮುಳುಗುವ ಅಧಿಕಾರಿಗೆ ಹುಲ್ಲುಕಡ್ಡಿ ಕಂಡರೆ ಸಾಕು, ಅದರಿಂದ ಹಡಗು ಕಟ್ಟುತ್ತಾನೆ. ಹೇಮಂತ ಸಾಹೇಬರು ಧ್ವನಿವರ್ಧಕವನ್ನು ಕೈಗೆತ್ತಿಕೊಂಡರು. "ಮಹಾಜನರೇ, ಹೆಲ್ಮೆಟ್ ಹಾಕಿ ಗಾಡಿ ಓಡಿಸುವವರನ್ನು ನೀವು ಕಂಡಿರಬಹುದು. ಹೆಲ್ಮೆಟ್ ಹಾಕಿ ಹಿಂದೆ ಕೂಡುವವರನ್ನು ಕಂಡಿದ್ದೀರಾ? ಅಂಥ ಏಕೈಕ ಮಹನೀಯರನ್ನು ನಿಮಗೆ ತೋರಿಸುವುದೇ ಈ ಜಾಥಾದ ಉದ್ದೇಶ."

ಚಪ್ಪಾಳೆ ಬಿತ್ತು. ಶಾಲು ಬಂತು, ಹಾರ ಬಂತು. ಹಿಂದೆ ಕೂಡುವ ಸಾಧನೆಗಾಗಿ ಸುಶೀಲೇಂದ್ರರನ್ನು ಮುಂದೆ ನಿಲ್ಲಿಸಿ ಸನ್ಮಾನಿಸಲಾಯಿತು. "ನಾ ಮೊದಲ ಹೇಳಿದ್ನಿ," ಎಂದರು ಶಿವಶರಣಪ್ಪನವರು ಶಾಹಿಸ್ತಾಳಿಗೆ, "ಸಾದಾ ಮನಶ್ಯಾ ಅಲ್ಲ ಅಂತ." ಠಾಣೆಯ ಸಾಹೇಬರು ಮಾತ್ರ ಮೀಸೆಯಡಿ ನಕ್ಕು ಅಪ್ಪಣೆ ಮಾಡಿದರು: "ಗಾಡಿ ಸಾಲಿ ಕಂಪೌಂಡಿನ್ಯಾಗ ಇರಲಿ. ಒಡೆಯಾ ಬಂದು ಒಯ್ಲಿ. ಲೈಸನ್ಸ್ ಬರೂತನಕ ನೀವು ರಸ್ತಾಕ್ಕ ಇಳದ್ರ ಸನ್ಮಾನ ಬ್ಯಾರೆ ರೀತಿ ಆಕ್ಕೈತಿ."

ಸಂಜೆ ಶಾಲೆ ಬಿಟ್ಟಿತು. ಪೀರಸಾಬರು ನಾಳೆ ಬರುವುದಾಗಿ ಫೋನಿನಲ್ಲಿ ತಿಳಿಸಿದರು. ಬರಿದಾದ ಮೈದಾನದ ಅಂಚಿಗೆ, ಹಾರವನ್ನು ಕೈಯಲ್ಲಿ ಹಿಡಿದುಕೊಂಡು ಸುಶೀಲೇಂದ್ರರು ಗಾಡಿಯ ಪಕ್ಕದಲ್ಲಿ ನಿಂತಿದ್ದರು. ವಂದನಾ ಬಂದು ಎದುರು ನಿಂತಳು.

"ಸ್ಕೂಟಿ ಹಿಂದ ಕೂಡೂದು ನಿಮಗ ಸಣ್ಣತನ ಅನಸ್ತಿತ್ತೇನ್ರಿ?"

"ಇಲ್ಲ."

"ಮತ್ತ?"

ಸುಶೀಲೇಂದ್ರರು ಹಾರದ ಒಂದೊಂದೇ ಎಸಳು ಕೀಳತೊಡಗಿದರು. "ನೀ ಹಿಂದ ಕೂತಿರ್ಬೇಕು. ನಾ ಏನರ ಅನ್ನಬೇಕು. ಗಾಳಿಗೆ ಅದು ಕೇಳಸಬಾರದು. ಆಗ ನೀ ಬಗ್ಗಿ, ಏನಂದ್ರಿ ಅಂತ ಕೇಳ್ಬೇಕು. ಇಷ್ಟ."

"ಇಷ್ಟಕ್ಕ ಎರಡೂರಿನ ಜಾಥಾ ಎಬ್ಬಿಸಿದ್ರಿ?"

"ಇಷ್ಟಕ್ಕ."

ವಂದನಾ ಮೈದಾನವನ್ನು ಒಮ್ಮೆ ನೋಡಿದಳು. ಆಮೇಲೆ ಒಳಗೆ ಹೋಗಿ ತನ್ನ ಹೆಲ್ಮೆಟ್ ತಂದು, ಪಟ್ಟಿ ಬಿಗಿದುಕೊಂಡಳು. "ಠಾಣೆಯವರು ರಸ್ತಾಕ್ಕ ಇಳೀಬ್ಯಾಡ್ರಿ ಅಂದಾರ," ಎಂದಳು. "ಇದು ರಸ್ತಾ ಅಲ್ಲ. ಸಾಲಿ ಮೈದಾನ. ಹತ್ರಿ."

ಸುಶೀಲೇಂದ್ರರು ಕಿಕ್ ಹೊಡೆದರು. ಗಾಡಿ ಕುಪ್ಪಳಿಸಿತು. ವಂದನಾಳ ಕೈ ಅವರ ಹೆಗಲನ್ನು ಹಿಡಿಯಿತು. ಕುಪ್ಪಳಿಸುವುದು ನಿಂತ ಮೇಲೂ ಆ ಕೈ ಅಲ್ಲಿಯೇ ಇತ್ತು. ಮೈದಾನದ ಅಂಚು ಹಿಡಿದು ಗಾಡಿ ಸುತ್ತತೊಡಗಿತು: ವಾಲಿಬಾಲಿನ ಕಂಬಗಳು, ನೀರಿನ ಟಾಕಿ, ಬೇವಿನ ಮರ, ಮತ್ತೆ ಕಂಬಗಳು. ಅವರು ಮುಖವನ್ನು ಅರ್ಧ ತಿರುಗಿಸಿ ಏನೋ ಅಂದರು.

ಬೆನ್ನಿಗೆ ಆಕೆಯ ಭಾರ ತಾಗಿತು. "ಏನಂದ್ರಿ?"

ತಾವು ಅಂದದ್ದೇನೆಂಬುದು ಅವರಿಗೆ ಮರೆತೇಹೋಗಿತ್ತು.

"ನಾ ಕಣ್ಣು ಮುಚ್ಚೀನಿ," ಎಂದಳು ವಂದನಾ, ಬಾಗಿದವಳು ಹಾಗೆಯೇ ಇದ್ದು. "ಎಷ್ಟ ವರ್ಷ ಆತು, ಗಾಡಿ ಮ್ಯಾಲ ಕೂತು ನಾ ಕಣ್ಣು ಮುಚ್ಚಿದ್ದ ಇಲ್ಲ. ಈಗ ಎಲ್ಲಿ ಅದೀವ್ರಿ?"

ವಾಲಿಬಾಲಿನ ಕಂಬಗಳು ಮತ್ತೆ ಎದುರಾದವು. ಸುಶೀಲೇಂದ್ರರು ಅವುಗಳ ಆಚೆಗೆ ನೋಡಿದರು. ಬಿಸಿಲು ಕೆಂಪಾಗಿ ಪಡುವಣದ ಹೊಲಗಳ ಮೇಲೆ ಬಿದ್ದಿತ್ತು.

"ಕನಮಡಿ ದಾಟಿದ್ವಿ," ಎಂದರು. "ಮುಂದ ಮಹಾರಾಷ್ಟ್ರ."

"ನಿಂದ್ರಸ್ಬ್ಯಾಡ್ರಿ," ಎಂದಳು ವಂದನಾ.